ಮೊದಲ ಆಂಟೆನಾ ಯಾವುದು ಹಾಕಲಿ? ಗುಡಿಬಂಡೆ ಕಡೆ, ತುರ್ತು ಸಂಪರ್ಕಕ್ಕೆ

ಹೊಸಬ_ಗುಡಿಬಂಡೆ

ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ) ರೇಡಿಯೋದ ರೆಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್ ಕೈಗೆ ಬಂದಿದೆ. ಸದ್ಯ ಇರೋದು 5 ವ್ಯಾಟಿನ ಡ್ಯುಯಲ್ ಬ್ಯಾಂಡ್ ಹ್ಯಾಂಡಿ (ಕೈಸೆಟ್) ಒಂದೇ, ಅದರ ಜೊತೆ ಬಂದ ರಬ್ಬರ್ ಆಂಟೆನಾ. ಮನೆ ಗುಡಿಬಂಡೆ ಪೇಟೆಯಲ್ಲಿ, ಒಂದೇ ಅಂತಸ್ತು, ತಾರಸಿ ನೆಲದಿಂದ 3.5 ಮೀಟರ್. ಊರಾಚೆ ಹೊಲದಲ್ಲಿ ನಾಲ್ಕು ತೆಂಗಿನ ಮರ, ಒಂದು ಪಂಪ್ ಮನೆ ಇದೆ.

2021ರ ನವೆಂಬರ್‌ನಲ್ಲಿ ಬಂದಂಥ ಮಳೆ ಬಂದು ಕರೆಂಟೂ ಹೋಗಿ ಮೊಬೈಲೂ ಸತ್ತರೆ ಮೂರು ಕಡೆ ಮಾತಾಡುವಂತಿರಬೇಕು: ಸುತ್ತಲ ಹಳ್ಳಿಗಳು (8–10 ಕಿ.ಮೀ. ಒಳಗೆ), ಚಿಕ್ಕಬಳ್ಳಾಪುರ, ಸಾಧ್ಯವಾದರೆ ಬೆಂಗಳೂರು. ಎಚ್‌ಎಫ್ (3–30 ಮೆಗಾಹರ್ಟ್ಸ್, ದೂರದ ಮಾತಿಗೆ) ಸೆಟ್ ಮುಂದಿನ ವರ್ಷ ತಗೊಳ್ಳೋ ಯೋಚನೆ. ಆಂಟೆನಾಗೆ ಈಗ ಎರಡೂವರೆ ಸಾವಿರ ಇಟ್ಟಿದ್ದೀನಿ.

ನೋಡ್ತಾ ಹೋದರೆ ಗ್ರೌಂಡ್ ಪ್ಲೇನ್, ಸ್ಲಿಮ್ ಜಿಮ್, ಯಾಗಿ, ಡೈಪೋಲ್, 10 ಅಡಿಯ ‘ಹೈ ಗೇನ್’ ಫೈಬರ್ ಗ್ಲಾಸ್ ಕಡ್ಡಿ, ಲೆಕ್ಕವೇ ಇಲ್ಲ. ಯಾವುದರಿಂದ ಶುರು ಮಾಡಲಿ? ಬೆಸುಗೆ ಹಾಕೋದು ಅಲ್ಪಸ್ವಲ್ಪ ಗೊತ್ತು.

---

ಬೆಸುಗೆಕೋಲು

ಮೂರು ಕೆಲಸವೂ ಒಂದೇ ಆಂಟೆನಾದಿಂದ ಆಗಲ್ಲ ಅನ್ನೋದನ್ನ ಮೊದಲು ಒಪ್ಪಿಕೊಂಡುಬಿಡಿ, ಅರ್ಧ ಗೊಂದಲ ಹೋಗುತ್ತೆ. ಹಳ್ಳಿಗಳು ಮತ್ತು ಚಿಕ್ಕಬಳ್ಳಾಪುರ ವಿಎಚ್‌ಎಫ್ ಕೆಲಸ, ಅಂದರೆ 144–146 ಮೆಗಾಹರ್ಟ್ಸ್. ಬೆಂಗಳೂರಿಗೆ ನಡುವೆ ನಂದಿ ಸಾಲಿನ ಬೆಟ್ಟಗಳು ಅಡ್ಡ ಇವೆ. ರಿಪೀಟರ್ (ಎತ್ತರದಲ್ಲಿ ಕೂತು ಸಿಗ್ನಲ್ ಹಿಡಿದು ಮತ್ತೆ ಕಳಿಸೋ ಸ್ಟೇಷನ್) ಸಿಕ್ಕರೆ ಸರಿ, ಅದೂ ನಿಂತುಹೋದ ದಿನ 5 ವ್ಯಾಟ್ ಬೆಟ್ಟ ಹತ್ತಿ ಇಳಿಯಲ್ಲ. ಅದಕ್ಕೆ ಎಚ್‌ಎಫ್‌ನಲ್ಲಿ ತಗ್ಗಿನ ಡೈಪೋಲ್ (ಎರಡು ತೋಳಿನ ತಂತಿ ಆಂಟೆನಾ) ಬೇಕು. ಅದನ್ನ ಇಲ್ಲಿ ಬೇರೆಯವರು ನನಗಿಂತ ಚೆನ್ನಾಗಿ ಹೇಳ್ತಾರೆ.

ಈಗ ಮಾಡಬೇಕಾದ್ದು 145 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಗ್ರೌಂಡ್ ಪ್ಲೇನ್. ನೆಟ್ಟಗೆ ನಿಂತ ಒಂದು ಕಡ್ಡಿ, ಕೆಳಗೆ ಕೊಡೆಯ ಹಾಗೆ ಇಳಿಬಿದ್ದ ನಾಲ್ಕು ಕಡ್ಡಿ (ರೇಡಿಯಲ್), ಅಷ್ಟೆ. ಹತ್ತು ಅಡಿಯ ಕಡ್ಡಿಯ ಆಸೆ ಈಗಲೇ ಬೇಡ. ಅದು ಬೇಕಾರು ಅಂತ ಅಲ್ಲ. ಆದರೆ ಒಳಗೆ ಏನು ಬೆಸುಗೆ ಬಿಟ್ಟಿದೆ, ನೀರು ಎಲ್ಲಿ ಹೋಗಿದೆ ಅಂತ ನಿಮಗೆ ಕಾಣಲ್ಲ, ಮಳೆ ರಾತ್ರಿ ರಿಪೇರಿನೂ ಆಗಲ್ಲ. ಗ್ರೌಂಡ್ ಪ್ಲೇನ್ ಮುರಿದರೆ ಇನ್ನೊಂದು ಕಡ್ಡಿ ಸಿಕ್ಕಿಸಿದರೆ ಮುಗೀತು.

ಬೇಕಾದ ಸಾಮಾನು: ಎಸ್‌ಒ-239 ಚಾಸಿ ಕನೆಕ್ಟರ್ ಒಂದು (ನಾಲ್ಕು ಮೂಲೆಗೆ ತೂತಿರೋ ಚೌಕದ್ದು, ದುಂಡಗಿನ ಒಂದೇ ನಟ್‌ನದ್ದಲ್ಲ). ವೆಲ್ಡಿಂಗ್ ಸಾಮಾನಿನ ಅಂಗಡೀಲಿ ಸಿಗೋ 3 ಮಿ.ಮೀ. ಆಸುಪಾಸಿನ ಹಿತ್ತಾಳೆ ಬ್ರೇಜಿಂಗ್ ಕಡ್ಡಿ, ಐದು ತುಂಡಿಗೆ ಸಾಲುವಷ್ಟು. 3 ಮಿ.ಮೀ. ಸ್ಟೀಲ್ ಸ್ಕ್ರೂ, ನಟ್, ವಾಷರ್ ನಾಲ್ಕು ಜೊತೆ. ಎಲೆಕ್ಟ್ರಿಕ್ ಅಂಗಡಿಯ ಉಂಗುರದ ಲಗ್ ನಾಲ್ಕು. ಹಿತ್ತಾಳೆ ಸಿಗದಿದ್ದರೆ 10 ಅಥವಾ 12 ಗೇಜಿನ ತಾಮ್ರದ ತಂತಿನೂ ಆಗುತ್ತೆ, ಮೃದು ಆದ್ದರಿಂದ ಕಾಗೆ ಕೂತರೆ ಬಾಗುತ್ತೆ ಅಷ್ಟೆ.

ಲೆಕ್ಕ ಹೀಗೆ. 300ನ್ನ 145ರಿಂದ ಭಾಗಿಸಿದರೆ ತರಂಗ 2.07 ಮೀಟರ್, ಅದರ ಕಾಲು ಭಾಗ 51.7 ಸೆಂ.ಮೀ., ಕಡ್ಡಿಯ ದಪ್ಪ ಮತ್ತು ತುದಿಯ ಪ್ರಭಾವಕ್ಕೆ 5% ಕಳೆದರೆ 49 ಸೆಂ.ಮೀ. ಆಮೇಲೆ ಸ್ವಲ್ಪ ಸ್ವಲ್ಪ ತೆಗೆದು ಟ್ಯೂನ್ ಮಾಡೋಕೆ ಇರಲಿ ಅಂತ ನಡುವಿನ ಕಡ್ಡಿಯನ್ನ 51ಕ್ಕೆ ಕತ್ತರಿಸಿ, ಕನೆಕ್ಟರ್‌ನ ಬಿಳಿ ಇನ್ಸುಲೇಟರ್ ಮೇಲಿಂದ ತುದಿವರೆಗೆ ಅಳೆಯಿರಿ, ಕಪ್ ಒಳಗೆ ಇಳಿಯೋ ಭಾಗ ಲೆಕ್ಕಕ್ಕಿಲ್ಲ. ರೇಡಿಯಲ್ ನಾಲ್ಕೂ 52 ಸೆಂ.ಮೀ.; ಅವನ್ನ ಮುಟ್ಟೋದು ಬೇಡ, ಟ್ಯೂನ್ ಮಾಡೋದೆಲ್ಲ ನಡುವಿನ ಕಡ್ಡಿಯಿಂದ. ರೇಡಿಯಲ್‌ಗಳನ್ನ ಅಡ್ಡಕ್ಕೆ ಚಾಚಿದರೆ ಇಂಪೀಡೆನ್ಸ್ 36 ಓಮ್ ಹತ್ತಿರ ಇರುತ್ತೆ, 45 ಡಿಗ್ರಿ ಕೆಳಗೆ ಬಗ್ಗಿಸಿದರೆ ಸೆಟ್ಟಿಗೂ ಕೇಬಲ್ಲಿಗೂ ಹೊಂದೋ 50ರ ಹತ್ತಿರ ಬರುತ್ತೆ. ಕೊಡೆಯ ಆಕಾರ ಅದಕ್ಕೇ, ಚೆಂದಕ್ಕಲ್ಲ.

ಬೆಸುಗೆಯಲ್ಲಿ ಹೊಸಬರು ಎಡವೋ ಜಾಗ ಒಂದಿದೆ. 25 ವ್ಯಾಟಿನ ಕೋಲಿನಲ್ಲಿ 3 ಮಿ.ಮೀ. ಹಿತ್ತಾಳೆ ಕಾಯಲ್ಲ. ಸೀಸ ಮೇಲೆ ಉಂಡೆ ಕಟ್ಟಿ ನೋಡೋಕೆ ಕೂತ ಹಾಗೆ ಕಾಣುತ್ತೆ, ಒಳಗೆ ಹಿಡಿದಿರಲ್ಲ. 60 ವ್ಯಾಟಿನದ್ದು ತಗೊಳ್ಳಿ. ಕಡ್ಡಿಯ ತುದಿಯನ್ನ ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ, ಮೊದಲೇ ಸೀಸ ಹತ್ತಿಸಿ, ಆಮೇಲೆ ಕಪ್ಪಿಗೆ ಇಳಿಸಿ. ಜಾಸ್ತಿ ಹೊತ್ತು ಕಾಯಿಸಿದರೆ ಅಗ್ಗದ ಕನೆಕ್ಟರ್‌ನ ಪ್ಲಾಸ್ಟಿಕ್ ಕರಗಿ ನಡುವಿನ ಪಿನ್ ಓರೆಯಾಗುತ್ತೆ, ಬಿಳಿ ಟೆಫ್ಲಾನ್‌ನದ್ದು ಎರಡು ರೂಪಾಯಿ ಜಾಸ್ತಿ ಆದರೂ ಅದನ್ನೇ ಕೇಳಿ. ಮುಗಿದ ಮೇಲೆ ಮಲ್ಟಿಮೀಟರ್ ಇಡಿ: ನಡುವಿನ ಕಡ್ಡಿಗೂ ರೇಡಿಯಲ್‌ಗೂ ಸಂಪರ್ಕ ಇರಲೇಬಾರದು, ನಾಲ್ಕು ರೇಡಿಯಲ್‌ಗೂ ಪರಸ್ಪರ ಇರಬೇಕು.

ಹಳೇ ದೊಡ್ಡ ಕೊಡೆಯ ಕಡ್ಡಿ, ಸೈಕಲ್ ಕಡ್ಡಿ ಅಂತೆಲ್ಲ ಹೇಳೋರು ಇದ್ದಾರೆ. ಕೊಡೆ ಕಡ್ಡಿ ಉದ್ದ ಸಾಕು, ಆದರೆ ಬೆಸುಗೆ ಹತ್ತಲ್ಲ, ತುಕ್ಕು ಬೇಗ. ಸೈಕಲ್ ಕಡ್ಡಿ 145ಕ್ಕೆ ಗಿಡ್ಡ. ನಿಮ್ಮ ಸೆಟ್ಟಿನ ಇನ್ನೊಂದು ಬ್ಯಾಂಡ್ 435 ಮೆಗಾಹರ್ಟ್ಸ್‌ಗೆ ಬೇಕಾದ್ದು 16.4 ಸೆಂ.ಮೀ. ಮಾತ್ರ, ಅಲ್ಲಿ ಸೈಕಲ್ ಕಡ್ಡಿ ಸೊಗಸು. ಅಂದಹಾಗೆ 145ರ ಗ್ರೌಂಡ್ ಪ್ಲೇನ್ 435ರಲ್ಲಿ ಮುಕ್ಕಾಲು ತರಂಗವಾಗಿ ಕೆಲಸ ಮಾಡುತ್ತೆ, ಆದರೆ ಸಿಗ್ನಲ್ ದಿಗಂತ ಬಿಟ್ಟು ಮೇಲಕ್ಕೆ ಏಳುತ್ತೆ. ಇದ್ದರೆ ಇರಲಿ ಅನ್ನೋ ಮಟ್ಟಕ್ಕೆ ಮಾತ್ರ.

---

ಕೇಬಲ್_ಚಿಂತಾಮಣಿ

ಮೇಲಿನವರು ಹೇಳಿದ್ದು ಸರಿ, ಒಂದು ಮಾತು ಸೇರಿಸ್ತೀನಿ. ದುಡ್ಡು ಹೋಗಬೇಕಾದ್ದು ಆಂಟೆನಾಗಲ್ಲ, ಎತ್ತರಕ್ಕೆ ಮತ್ತು ಕೇಬಲ್‌ಗೆ.

ಎತ್ತರದ ಲೆಕ್ಕ: ಆಂಟೆನಾದ ಎತ್ತರ ಮೀಟರಿನಲ್ಲಿ ತಗೊಂಡು ಅದರ ವರ್ಗಮೂಲವನ್ನ 4.12ರಿಂದ ಗುಣಿಸಿದರೆ ರೇಡಿಯೋ ದಿಗಂತ ಕಿಲೋಮೀಟರಿನಲ್ಲಿ ಬರುತ್ತೆ. ಕೈಯಲ್ಲಿ ಹಿಡಿದ ಸೆಟ್ 1.5 ಮೀಟರ್, ಅಂದರೆ 5 ಕಿ.ಮೀ. ತಾರಸಿ ಮೇಲೆ ಪೈಪ್ ನಿಲ್ಲಿಸಿ 10 ಮೀಟರಿಗೆ ಏರಿಸಿದರೆ 13 ಕಿ.ಮೀ. ಎರಡು ಕಡೆಯದ್ದೂ ಕೂಡಬೇಕು. ನಿಮ್ಮ 10 ಮೀಟರ್, ಹಳ್ಳಿಯವರ ಕೈಸೆಟ್: 18 ಕಿ.ಮೀ., ನಿಮ್ಮ ಮೊದಲ ಬೇಡಿಕೆ ಮುಗೀತು. ಎರಡೂ ಕಡೆ 10 ಮೀಟರ್ ಆದರೆ 26. ಗುಡಿಬಂಡೆಯಿಂದ ಚಿಕ್ಕಬಳ್ಳಾಪುರಕ್ಕೆ ನೇರ ಗೆರೆ ಎಳೆದರೆ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಅಂಚಿನ ಮೇಲೆ ನಿಂತಿದ್ದೀರಿ. ಈ ಲೆಕ್ಕ ಬಯಲು ನೆಲಕ್ಕೆ, ನಮ್ಮ ಕಡೆ ಬಂಡೆ ಗುಡ್ಡ ಎಲ್ಲಿ ಅಡ್ಡ ಬರುತ್ತೋ ಅಲ್ಲಿ ಗೀಟು ಹಾಕಿಕೊಳ್ಳಿ. ಆ ಕಡೆಯವರ ಮನೆ ನಂದಿ, ಸ್ಕಂದಗಿರಿಯ ಬುಡಕ್ಕೆ ಒತ್ತಿಕೊಂಡಿದ್ದರೆ ಒಂದು ಬೀದಿ ಆಚೀಚೆಗೂ ವ್ಯತ್ಯಾಸ ಗೊತ್ತಾಗುತ್ತೆ.

ಈಗ ಕೇಬಲ್. ಆರ್‌ಜಿ-58 ಅನ್ನೋ ಸಣ್ಣ ಕೋಯಾಕ್ಸ್ ಕೇಬಲ್ 145 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ 20 ಡೆಸಿಬಲ್ ಹತ್ತಿರ ತಿನ್ನುತ್ತೆ. 20 ಮೀಟರ್ ಎಳೆದರೆ 4 ಡೆಸಿಬಲ್: ನಿಮ್ಮ 5 ವ್ಯಾಟಿನಲ್ಲಿ ಮೇಲೆ ಹೋಗಿ ಮುಟ್ಟೋದು 2 ವ್ಯಾಟ್. 10 ಮೀಟರಿಗೆ 3 ವ್ಯಾಟ್ ಚಿಲ್ಲರೆ ಉಳಿಯುತ್ತೆ. ಆರ್‌ಜಿ-213 ಆದರೆ 20 ಮೀಟರಿಗೂ 3.4 ವ್ಯಾಟ್ ಸಿಗುತ್ತೆ, ಆದರೆ ಬೆಲೆ, ಭಾರ ಎರಡೂ ಜಾಸ್ತಿ. ನಿಮ್ಮ ಬಜೆಟ್ಟಿಗೆ ನನ್ನ ಸಲಹೆ: ರೇಡಿಯೋ ಇಡೋ ಜಾಗವನ್ನೇ ಬದಲಾಯಿಸಿ. ನಡುಮನೆಯ ಮೂಲೆ ಬೇಡ, ತಾರಸಿಗೆ ಹೋಗೋ ಮೆಟ್ಟಿಲ ತಲೆಮನೆಯಲ್ಲಿ ಇಟ್ಟರೆ 10 ಮೀಟರ್ ಆರ್‌ಜಿ-58 ಸಾಕಾಗುತ್ತೆ.

ಡಿಶ್ ಟಿವಿಗೆ ಹಾಕೋ ಆರ್‌ಜಿ-6 ಬಗ್ಗೆ ಯಾರಾದರೂ ಕೇಳೇ ಕೇಳ್ತಾರೆ. ಅದು 75 ಓಮ್, ಆದ್ದರಿಂದ ಎಸ್‌ಡಬ್ಲ್ಯೂಆರ್ (ಎಷ್ಟು ಹೊಂದಿಕೆ ಇದೆ ಅನ್ನೋ ಅಳತೆ, 1 ಅಂದರೆ ಪೂರ್ತಿ ಹೊಂದಿಕೆ) 1.5 ಹತ್ತಿರ ಬರುತ್ತೆ, ಅದೇನೂ ಸೆಟ್ ಸುಡಲ್ಲ. ನಷ್ಟ ಆರ್‌ಜಿ-58ರ ಅರ್ಧಕ್ಕಿಂತಲೂ ಕಡಿಮೆ. ತೊಂದರೆ ಬೇರೆ: ಮೇಲಿನ ಹೆಣಿಗೆ ಅಲ್ಯೂಮಿನಿಯಂ, ಬೆಸುಗೆ ಹತ್ತಲ್ಲ. ಎಫ್ ಕನೆಕ್ಟರ್ ಒತ್ತಿಸಿ, ಅದರಿಂದ ಪರಿವರ್ತಕ ಹಾಕಿಕೊಂಡು ಹೋಗಬೇಕು. ಮನೇಲಿ ಸುತ್ತಿಟ್ಟ ಉಂಡೆ ಇದ್ದರೆ ಬಳಸಿ, ಹೊಸದಾಗಿ ಕೊಳ್ಳೋದಾದರೆ 50 ಓಮಿನದ್ದೇ ತಗೊಳ್ಳಿ.

ಆರ್‌ಜಿ-58ಕ್ಕೆ ಪಿಎಲ್-259 (ಎಸ್‌ಒ-239ಕ್ಕೆ ಕೂರೋ ಪ್ಲಗ್) ಹಾಕುವಾಗ ಒಳಗೆ ಯುಜಿ-175 ರೆಡ್ಯೂಸರ್ ಬೇಕು, ಇಲ್ಲದಿದ್ದರೆ ಕೇಬಲ್ ಸಡಿಲವಾಗಿ ಜಾರುತ್ತೆ. ಹೆಣಿಗೆಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್. ಇನ್ನು ಹ್ಯಾಂಡಿಯ ಎಸ್‌ಎಂಎ ತೂತಿಗೆ ದಪ್ಪ ಕೇಬಲ್ ನೇರ ಸಿಕ್ಕಿಸಬೇಡಿ, ಅದರ ಭಾರಕ್ಕೆ ಸೆಟ್ಟಿನ ಒಳಗಿನ ಬೋರ್ಡ್ ಬೆಸುಗೆ ಕಿತ್ತುಬರುತ್ತೆ. ನಡುವೆ ಅರ್ಧ ಮೀಟರಿನ ತೆಳು ಆರ್‌ಜಿ-316 ಬಾಲ ಇರಲಿ. ಕೊಳ್ಳುವಾಗ ಗಂಡು ಹೆಣ್ಣು ನೋಡಿಕೊಳ್ಳಿ: ಬಾವೊಫೆಂಗ್ ಸೆಟ್ಟಿನಲ್ಲಿ ಇರೋದು ಗಂಡು, ಯಾಎಸು (Yaesu), ಐಕಾಮ್ ಕಂಪನಿಗಳ ಎಸ್‌ಎಂಎ ಸೆಟ್ಟುಗಳಲ್ಲಿ ಹೆಣ್ಣು.

---

ಸಂಜೆಬಸ್ಸು

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಲೈಸೆನ್ಸ್ ಇಲ್ಲದೇ ಹಳ್ಳಿ ಹುಡುಗರ ಕೈಗೆ ಎರಡು ವಾಕಿಟಾಕಿ ಕೊಟ್ಟು ಈ ಆಂಟೆನಾಗೆ ಮಾತಾಡಿಸಬಹುದಾ?

---

ಬೆಸುಗೆಕೋಲು

@ಸಂಜೆಬಸ್ಸು, ಆಗಲ್ಲ. ಹ್ಯಾಮ್ ಬ್ಯಾಂಡಿನಲ್ಲಿ ಮಾತಾಡೋರಿಗೆ ಲೈಸೆನ್ಸ್ ಇರಬೇಕು. ಪರೀಕ್ಷೆಗೆ 12 ವರ್ಷ ತುಂಬಿದ್ದರೆ ಸಾಕು, ರೆಸ್ಟ್ರಿಕ್ಟೆಡ್ ಗ್ರೇಡಿಗೆ ಮೋರ್ಸ್ ಇಲ್ಲ, ಆ ಹುಡುಗರನ್ನೇ ಕೂರಿಸಿ. ಅಲ್ಲಿವರೆಗೆ 446.0–446.2 ಮೆಗಾಹರ್ಟ್ಸ್‌ನ ಅರ್ಧ ವ್ಯಾಟಿನ ಸೆಟ್ಟುಗಳು ಲೈಸೆನ್ಸ್ ಇಲ್ಲದೇ ಬಳಸೋಕೆ ಇವೆ. ಊರೊಳಗೆ, ಕೆರೆ ಏರಿಯ ಈ ತುದಿಗೂ ಆ ತುದಿಗೂ ಸಾಕು. ಅವಕ್ಕೆ ಹೊರಗಿನ ಆಂಟೆನಾ ಸಿಕ್ಕಿಸೋ ಆಲೋಚನೆ ಬೇಡ, ಸೆಟ್ಟಿನ ಜೊತೆ ಬಂದದ್ದರಲ್ಲೇ ಇರಲಿ.

---

ತಗ್ಗುಡೈಪೋಲ್_ತುಮಕೂರು

ಬೆಂಗಳೂರಿನ ಪ್ರಶ್ನೆಗೆ ನಾನು ಬರ್ತೀನಿ.

2004ರ ಡಿಸೆಂಬರ್ 26ರ ಸುನಾಮಿಯ ಹೊತ್ತಿಗೆ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್‌ಗಳ ತಂಡ ಒಂದು ಮೊದಲೇ ಇತ್ತು. ಅಲ್ಲಿಂದ ಇಲ್ಲಿಗೆ ಸುದ್ದಿ ಬಂದದ್ದು ಎಚ್‌ಎಫ್‌ನಲ್ಲಿ. ಅಷ್ಟು ದೂರಕ್ಕೆ ಬೇಕಾದ ಆಂಟೆನಾ ಮತ್ತು ನಿಮಗೆ ಬೇಕಾದ್ದು ಒಂದೇ ಅಂತ ಮಾತ್ರ ತಿಳಿಯಬೇಡಿ. ದೂರಕ್ಕೆ ಎತ್ತರ ಬೇಕು, ಹತ್ತಿರಕ್ಕೆ ತಗ್ಗು ಬೇಕು. 40 ಮೀಟರ್ ಬ್ಯಾಂಡಿನ (7.0–7.2 ಮೆಗಾಹರ್ಟ್ಸ್) ಡೈಪೋಲನ್ನ ನೆಲದಿಂದ 5–8 ಮೀಟರಿನಲ್ಲಿ ಕಟ್ಟಿದರೆ ಸಿಗ್ನಲ್ ಬಹುಪಾಲು ನೆತ್ತಿಯ ಕಡೆ ಹೋಗಿ, ಅಯಾನುಗೋಳಕ್ಕೆ (ವಾತಾವರಣದ ಮೇಲಿನ, ರೇಡಿಯೋ ಅಲೆ ತಿರುಗಿಸೋ ಪದರ) ಬಡಿದು, ಸುತ್ತ 300–400 ಕಿ.ಮೀ. ಮೇಲೆ ಚಿಮುಕಿಸಿದ ಹಾಗೆ ಬೀಳುತ್ತೆ. ನಂದಿ ಬೆಟ್ಟ 1,478 ಮೀಟರ್ ಇರಲಿ, ಹಿಮಾಲಯವೇ ಇರಲಿ, ಮೇಲಿಂದ ಬೀಳೋದಕ್ಕೆ ಏನು ಅಡ್ಡ? ಬೆಂಗಳೂರು, ಕೋಲಾರ, ಪಾವಗಡ, ಮೈಸೂರು ಎಲ್ಲ ಒಂದೇ ತಂತಿಯಲ್ಲಿ. ಅದಕ್ಕೇ ಆಕಾಶಕ್ಕೆ ಏರಿಸೋಕೆ ಟವರ್ ಇಲ್ಲ ಅಂತ ಕೊರಗಬೇಕಿಲ್ಲ, ಇಲ್ಲದಿರೋದೇ ಅನುಕೂಲ.

ಉದ್ದ: 143ನ್ನ 7.1ರಿಂದ ಭಾಗಿಸಿ, 20.1 ಮೀಟರ್. ಪ್ರತಿ ತೋಳು 10 ಮೀಟರ್ ಚಿಲ್ಲರೆ. ಮನೆ ವೈರಿಂಗಿನ 1.5 ಚದರ ಮಿ.ಮೀ. ಪಿವಿಸಿ ವೈರ್ ಚೆನ್ನಾಗಿ ಆಗುತ್ತೆ. ಪ್ಲಾಸ್ಟಿಕ್ ಹೊದಿಕೆ ಇರೋದರಿಂದ ಕೊನೆಗೆ 9.8ರ ಹತ್ತಿರ ನಿಲ್ಲಬಹುದು, ಆದರೂ 10.4ಕ್ಕೆ ಕತ್ತರಿಸಿ ಶುರು ಮಾಡಿ. ತುದಿಯಲ್ಲಿ ಹೆಚ್ಚಾದ್ದನ್ನ ಕತ್ತರಿಸದೆ ಹಿಂದಕ್ಕೆ ಮಡಚಿ ಅದೇ ತಂತಿಗೆ ಸುತ್ತಿ, ಟೇಪ್ ಹಾಕಿ. ಆಗ ತಪ್ಪಾದರೆ ಬಿಚ್ಚಬಹುದು. ಎರಡೂ ತೋಳಲ್ಲಿ 10 ಸೆಂ.ಮೀ. ಕಡಿಮೆ ಮಾಡಿದರೆ ಹೆಚ್ಚುಕಮ್ಮಿ 70 ಕಿಲೋಹರ್ಟ್ಸ್ ಮೇಲೆ ಹೋಗುತ್ತೆ.

ನಿಮ್ಮ ಹೊಲದ ನಾಲ್ಕು ಮರದಲ್ಲಿ ಎರಡರ ನಡುವೆ 22 ಮೀಟರ್ ಅಂತರ ಇದೆಯಾ ನೋಡಿ. ಇದ್ದರೆ ಕೆಲಸ ಹಗುರ. ತೆಂಗಿಗೆ ಕಟ್ಟೋದರಲ್ಲಿ ಎರಡು ತಪ್ಪು ಆಗುತ್ತೆ. ಒಂದು, ಎರಡೂ ಕಡೆ ಬಿಗಿದು ಕಟ್ಟೋದು; ಗಾಳಿಗೆ ಮರ ಎರಡೂ ಒಂದೇ ದಿಕ್ಕಿಗೆ ತೂಗಲ್ಲ, ತಂತಿ ಪಟ್ ಅಂತ ಹರಿಯುತ್ತೆ. ಒಂದು ಕಡೆ ಗಂಟು, ಇನ್ನೊಂದು ಕಡೆ ರಾಟೆಯ ಮೇಲೆ ಹಗ್ಗ ಇಳಿಬಿಟ್ಟು ಅದಕ್ಕೆ 3 ಲೀಟರ್ ನೀರು ತುಂಬಿದ ಕ್ಯಾನ್ ತೂಗುಹಾಕಿ. ಮರ ಆಡಿದ ಹಾಗೆ ಕ್ಯಾನ್ ಮೇಲೆ ಕೆಳಗೆ ಹೋಗುತ್ತೆ, ತಂತಿಗೆ ಏನೂ ಆಗಲ್ಲ. ಎರಡು, ತಂತಿಯ ತುದಿಯನ್ನ ಗರಿಗೆ ತಾಗಿಸೋದು. ಡೈಪೋಲಿನ ತುದಿಯಲ್ಲೇ ವೋಲ್ಟೇಜ್ ಅತಿ ಹೆಚ್ಚು, ಒದ್ದೆ ಗರಿ ತಾಗಿದರೆ ಮಳೆಯ ದಿನವೇ ಟ್ಯೂನಿಂಗ್ ಕೆಳಗಿಳಿಯುತ್ತೆ. ತುದಿಗೂ ಮರಕ್ಕೂ ನಡುವೆ ಒಂದು ಮೀಟರ್ ನೈಲಾನ್ ಹಗ್ಗ ಬಿಡಿ. ಇನ್ಸುಲೇಟರ್‌ಗೆ ಅರ್ಧ ಇಂಚಿನ ಪಿವಿಸಿ ಪೈಪ್ 8 ಸೆಂ.ಮೀ. ತುಂಡು, ಎರಡು ತೂತು, ಸಾಕು.

ಎರಡು ಮರ ಹೊಂದದಿದ್ದರೆ ನಡುವೆ ಒಂದೇ ನೀಲಗಿರಿ ಗಳ 7 ಮೀಟರಿಗೆ ನಿಲ್ಲಿಸಿ, ತೋಳುಗಳನ್ನ ಎರಡು ಕಡೆ ಇಳಿಜಾರಾಗಿ ಎಳೆಯಿರಿ, ತುದಿಗಳು ಆಳೆತ್ತರಕ್ಕಿಂತ ಮೇಲೆ, ಅಂದರೆ 2.5 ಮೀಟರಿಗೆ ಕಡಿಮೆ ಬೇಡ. ನಡುವಿನ ಕೋನ 120 ಡಿಗ್ರಿ ಆಸುಪಾಸು. 90ಕ್ಕಿಂತ ಚೂಪಾದರೆ ತೋಳುಗಳು ಒಂದನ್ನೊಂದು ತಿನ್ನುತ್ತವೆ.

ಇಲ್ಲಿ ಕೇಬಲ್ ಬಗ್ಗೆ ಹೆಚ್ಚು ಚಿಂತೆ ಬೇಡ. 7 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 20 ಮೀಟರಿಗೆ ಒಂದು ಡೆಸಿಬಲ್ಲೂ ತಿನ್ನಲ್ಲ. ಆದರೆ ಕೇಬಲ್ ಸೇರೋ ಜಾಗದಲ್ಲಿ ಚೋಕ್ (ಹೊರಮೈ ಕರೆಂಟ್ ತಡೆಯೋ ಸುರುಳಿ) ಇರಬೇಕು: ಎಫ್‌ಟಿ-240-43 ಫೆರೈಟ್ ಬಳೆಗೆ ಅದೇ ಆರ್‌ಜಿ-58ನ್ನ 10–12 ಸುತ್ತು. ಇಲ್ಲದಿದ್ದರೆ ಕೇಬಲ್ಲಿನ ಹೊರಮೈಯೂ ಆಂಟೆನಾ ಆಗುತ್ತೆ, ಪಂಪ್ ಮನೆಯ ಸ್ಟಾರ್ಟರ್, ಎಲ್‌ಇಡಿ ಬಲ್ಬಿನ ಗರಗರ ಎಲ್ಲ ಕಿವಿಗೇ ಬರುತ್ತೆ.

ಹೊತ್ತಿನ ವಿಚಾರ ಕೊನೆಗೆ, ಆದರೆ ಬಹಳ ಮುಖ್ಯ. 40 ಮೀಟರ್ ಹತ್ತಿರದ ಮಾತಿಗೆ ಹಗಲಿನ ಬ್ಯಾಂಡು. ಕತ್ತಲಾದ ಮೇಲೆ ಅಯಾನುಗೋಳ ತೆಳುವಾಗಿ ನೇರ ಮೇಲೆ ಹೋದದ್ದು ತೂರಿಕೊಂಡು ಹೋಗುತ್ತೆ. ಆಗ ದೆಹಲಿ ಕೇಳುತ್ತೆ, ಬೆಂಗಳೂರು ಕೇಳಲ್ಲ. ಸೆಟ್ ಕೆಟ್ಟಿದೆ ಅಂತ ತಿಳಿದು ಕೂರಬೇಡಿ. ರಾತ್ರಿಗೆ 80 ಮೀಟರ್ ಬ್ಯಾಂಡ್ ಬೇಕು, 3.6 ಮೆಗಾಹರ್ಟ್ಸ್‌ಗೆ ಪ್ರತಿ ತೋಳು 19.9 ಮೀಟರ್. ಹೊಲ ಇರೋದರಿಂದ ಜಾಗದ ತೊಂದರೆ ನಿಮಗಿಲ್ಲ. ಒಂದೇ ಕೇಬಲ್ಲಿಗೆ ಎರಡೂ ಡೈಪೋಲ್ ಸೇರಿಸಿ, ತೋಳುಗಳನ್ನ ಬೇರೆ ಬೇರೆ ದಿಕ್ಕಿಗೆ ಎಳೆಯಬಹುದು. ಲೈಸೆನ್ಸಿನಲ್ಲಿ ನಿಮಗೆ ಬರೆದಿರೋ ಬ್ಯಾಂಡ್, ವ್ಯಾಟ್ ನೋಡಿಕೊಂಡು ಮುಂದುವರಿಯಿರಿ.

---

ಕಲ್ಲುಕಂಬ_ಮಾಲೂರು

ಎಲ್ಲ ಹೇಳಿದರು, ವಿದ್ಯುತ್ ಲೈನಿನ ಮಾತು ಯಾರೂ ಎತ್ತಲಿಲ್ಲ. ಹೊಲ, ಪಂಪ್ ಮನೆ ಅಂದಮೇಲೆ ಹತ್ತಿರ ಎಲ್ಲೋ 11 ಕೆವಿ ಲೈನೂ ಟಿಸಿಯೂ ಇದ್ದೇ ಇರುತ್ತೆ. ಗಳ, ಪೈಪು ಯಾವ ಕಡೆ ಬಿದ್ದರೂ ಲೈನಿಗೆ ತಾಗದಷ್ಟು ದೂರ ಬೇಕು. ಕಂಬದ ಎತ್ತರದ ಒಂದೂವರೆ ಪಟ್ಟು ಲೆಕ್ಕ ಇಟ್ಟುಕೊಳ್ಳಿ: 7 ಮೀಟರ್ ಗಳಕ್ಕೆ 10.5 ಮೀಟರ್. ಇನ್ನು ಡೈಪೋಲಿನ ತಂತಿ ಲೈನಿನ ಮೇಲೂ ಬೇಡ, ಕೆಳಗೂ ಬೇಡ. ಕಲ್ಲು ಕಟ್ಟಿ ಹಗ್ಗ ಎಸೆಯುವಾಗ ಗುರಿ ತಪ್ಪಿದರೆ ಎಲ್ಲಿ ಬೀಳುತ್ತೆ ಅಂತ ಮೊದಲೇ ನೋಡಿ. ಪೈಪ್ ಎತ್ತೋಕೆ ಮೂರು ಜನ ಇರಲಿ, ಒಬ್ಬರು ಎತ್ತದೆ ಬರೀ ಮೇಲೆ ನೋಡ್ತಾ ನಿಲ್ಲಲಿ.

ತಾರಸಿಯ ಜಿಐ ಪೈಪನ್ನ ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಬೇಡಿ. ಗೋಡೆಗೆ ಎರಡು ಕ್ಲಾಂಪು, ನಡುವೆ ಒಂದು ಮೀಟರಾದರೂ ಅಂತರ. ತಾರಸಿ ಮೇಲೆ 3 ಮೀಟರಿಗಿಂತ ಹೆಚ್ಚು ಎದ್ದರೆ ಮೂರು ದಿಕ್ಕಿಗೆ ಹಗ್ಗದ ಎಳೆ. ಹೊಲದಲ್ಲಾದರೆ ಬೇಲಿಯ ಕಲ್ಲು ಕಂಬಕ್ಕಿಂತ ಒಳ್ಳೆ ಗೂಟ ಇಲ್ಲ.

ಸಿಡಿಲು: ನಮ್ಮ ಕಡೆ ಭರಣಿ, ಕೃತ್ತಿಕೆ ಮಳೆಗೆ ಬರೋ ಗುಡುಗು ಮುಂಗಾರಿಗೂ ಇರಲ್ಲ. ಪೈಪಿಗೆ ಬೇರೆ ಅರ್ಥ್ ಕೊಡಿ, ದಪ್ಪ ತಂತಿ, ತಿರುವಿಲ್ಲದೆ ನೇರ ಗುಂಡಿಗೆ. ಮೋಡ ಕಟ್ಟಿದ ತಕ್ಷಣ ಕೇಬಲ್ ಸೆಟ್ಟಿನಿಂದ ಬಿಚ್ಚಿ ಕಿಟಕಿ ಹೊರಗೆ ಹಾಕಿ. ಗುಡುಗು ನಿಂತು ಅರ್ಧ ಗಂಟೆ ಆಗೋವರೆಗೆ ರಬ್ಬರ್ ಆಂಟೆನಾದಲ್ಲೇ ಇರಿ. ಅರ್ಥ್ ಇದೆ ಅಂತ ಗುಡುಗಿನಲ್ಲಿ ಮಾತಾಡ್ತಾ ಕೂರೋ ಧೈರ್ಯ ಬೇಡ.

ನೀರು ಹೋಗದ ಹಾಗೆ ಕನೆಕ್ಟರ್ ಮುಚ್ಚೋಕೆ ಹೊಸ ಸಾಮಾನೇನೂ ಬೇಡ. ಬೋರ್‌ವೆಲ್ ಮೋಟರಿನ ಕೇಬಲ್ ಜಾಯಿಂಟಿಗೆ ಸುತ್ತೋ ರಬ್ಬರ್ ಟೇಪ್ ಇದೆಯಲ್ಲ, ಅದೇ. ಎಳೆದು ಅರ್ಧ ಅಗಲ ಆಗೋ ಹಾಗೆ ಹಿಗ್ಗಿಸಿ, ಕೆಳಗಿಂದ ಮೇಲಕ್ಕೆ ಸುತ್ತಿ. ಮೇಲಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಅಂಚೂ ನೀರು ಹಿಡಿಯೋ ಬಟ್ಟಲಾಗುತ್ತೆ. ಅದರ ಮೇಲೆ ಬಿಸಿಲಿಗೆ ಸಾಮಾನ್ಯ ಕಪ್ಪು ಟೇಪ್. ಕಡ್ಡಿಯ ಬುಡಕ್ಕೆ ಎಂ-ಸೀಲ್. ವಿನೆಗರ್ ವಾಸನೆ ಬರೋ ಸಿಲಿಕೋನ್ ಮಾತ್ರ ಬೇಡ, ಅದರ ಆಮ್ಲ ತಾಮ್ರವನ್ನ ಹಸಿರು ಮಾಡಿಬಿಡುತ್ತೆ. ಕೇಬಲ್ ಮನೆ ಒಳಗೆ ಬರೋ ಮುಂಚೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ.

---

ಹೊಸಬ_ಗುಡಿಬಂಡೆ

ಎಲ್ಲರಿಗೂ ಬಹಳ ಬಹಳ ಥ್ಯಾಂಕ್ಸ್. ಗ್ರೌಂಡ್ ಪ್ಲೇನ್ ಕಟ್ಟಿದೆ, ನಡು ಕಡ್ಡಿ 51, ರೇಡಿಯಲ್ 52. ನ್ಯಾನೋ ವಿಎನ್‌ಎ (ಆಂಟೆನಾ ಅಳೆಯೋ ಪುಟ್ಟ ಯಂತ್ರ) ಕೂಡ ಸಾಲ ಸಿಕ್ಕಿತು. ಎರಡು ಅನುಮಾನ.

ಒಂದು: ಅತಿ ಕಡಿಮೆ ಎಸ್‌ಡಬ್ಲ್ಯೂಆರ್ 139.3ರಲ್ಲಿ ಬರ್ತಿದೆ, 145ರಲ್ಲಿ 2ರ ಮೇಲಿದೆ. ಆದರೆ ಅದೇ ಆಂಟೆನಾಗೆ 20 ಮೀಟರ್ ಹಳೇ ಆರ್‌ಜಿ-58 ಸೇರಿಸಿ ಈ ತುದಿಯಿಂದ ನೋಡಿದರೆ 145ರಲ್ಲೂ 1.4 ತೋರಿಸುತ್ತೆ! ಕೇಬಲ್ ಹಾಕಿದ ಮೇಲೆ ಸರಿಹೋಯಿತು ಅಂತ ಬಿಟ್ಟುಬಿಡಲಾ?

ಎರಡು: ರೂಮಿನಲ್ಲಿ ಅಲಮಾರ ಪಕ್ಕ ನೋಡಿದಾಗ ಒಂದು ಲೆಕ್ಕ, ತಾರಸಿಯಲ್ಲಿ ಇನ್ನೊಂದು ಲೆಕ್ಕ ಬಂತು. ಮೇಲೆ ಬರೆದದ್ದು ತಾರಸಿಯದ್ದು. ಯಾವುದನ್ನ ನಂಬಲಿ?

---

ಕೇಬಲ್_ಚಿಂತಾಮಣಿ

ಬಿಡಬೇಡಿ, ಅದು ಕೇಬಲ್ ಹೇಳೋ ಸುಳ್ಳು. ಆಂಟೆನಾದಿಂದ ವಾಪಸ್ ಬರೋ ಸಿಗ್ನಲ್ಲನ್ನೂ ಕೇಬಲ್ ತಿನ್ನುತ್ತೆ. ಹೋಗುವಾಗ 4 ಡೆಸಿಬಲ್, ಬರುವಾಗ 4. ವಾಪಸ್ ಬಂದದ್ದು ಕಡಿಮೆ ಕಂಡಿತು ಅಂದರೆ ಮೀಟರ್ ಪಾಲಿಗೆ ಆಂಟೆನಾ ಒಳ್ಳೇದು. ಆ ಕೇಬಲ್ ಇದ್ದರೆ ಆಂಟೆನಾ ಬುಡದಲ್ಲಿ 3 ಇರೋ ಎಸ್‌ಡಬ್ಲ್ಯೂಆರ್ ಕೆಳಗೆ 1.5 ಆಗಿ ಕಾಣುತ್ತೆ. ಕೇಬಲ್ ಹಳೇದಾಗಿ ನೀರು ಕುಡಿದಷ್ಟೂ ಅಂಕಿ ಇನ್ನೂ ಚೆನ್ನಾಗಿ ಬರುತ್ತೆ. ಅಳೆಯೋದಾದರೆ ಬುಡದಲ್ಲೇ ಗಿಡ್ಡ ಬಾಲ ಹಾಕಿ ಅಳೆಯಿರಿ, ಅಥವಾ ಕೇಬಲ್ಲಿನ ಮೇಲಿನ ತುದಿಗೆ ಓಪನ್, ಶಾರ್ಟ್, 50 ಓಮ್ ಮೂರನ್ನೂ ಹಾಕಿ ಕ್ಯಾಲಿಬ್ರೇಟ್ ಮಾಡಿಕೊಂಡು ಅಳೆಯಿರಿ.

ತಾರಸಿಯದ್ದನ್ನೇ ನಂಬಿ. ಗೋಡೆಯ ಕಬ್ಬಿಣ, ಬೀರು, ನೀವು ಪಕ್ಕದಲ್ಲಿ ನಿಂತಿರೋದು ಎಲ್ಲವೂ ಟ್ಯೂನಿಂಗ್ ಎಳೆಯುತ್ತೆ. ಆಂಟೆನಾ ಸುತ್ತ ಎರಡು ಮೀಟರ್ ಖಾಲಿ ಇರಲಿ. ಅಳೆಯುವಾಗ ಕೇಬಲ್ಲನ್ನ ಕೈಯಲ್ಲಿ ಹಿಡಿದು ನೋಡಿ. ಅಂಕಿ ಓಡಾಡಿದರೆ ಅಲ್ಲೂ ಹೊರಮೈ ಕರೆಂಟ್ ಇದೆ ಅಂತ ಅರ್ಥ, ಕನೆಕ್ಟರ್ ಕೆಳಗೆ ಕ್ಲಿಪ್ ಫೆರೈಟ್ ಎರಡು ಮೂರು ಹಾಕಿ.

---

ಬೆಸುಗೆಕೋಲು

139.3 ಬಂದದ್ದು ಲೆಕ್ಕಕ್ಕೆ ಸರಿಯಾಗೇ ಇದೆ, ಅದು ತಪ್ಪಲ್ಲ. 51ನ್ನ 139.3ರಿಂದ ಗುಣಿಸಿ 145ರಿಂದ ಭಾಗಿಸಿ, 49 ಬರುತ್ತೆ. ಇಷ್ಟು ಗೊತ್ತಾಯಿತು ಅಂತ 2 ಸೆಂ.ಮೀ. ಒಂದೇ ಸಲ ಕತ್ತರಿಸಬೇಡಿ. 5 ಮಿ.ಮೀ. ತೆಗೆದರೆ ಸುಮಾರು 1.4 ಮೆಗಾಹರ್ಟ್ಸ್ ಮೇಲೆ ಹೋಗುತ್ತೆ. ಎರಡು ಸಲ 5 ಮಿ.ಮೀ. ತೆಗೆದು ಅಳೆದು ನೋಡಿ, ಆಮೇಲೆ 3, ಆಮೇಲೆ ಅರದಲ್ಲಿ ಉಜ್ಜಿ. 145ರಲ್ಲಿ 1.5ರ ಒಳಗೆ ಬಂದರೆ ನಿಲ್ಲಿಸಿ, 1.1 ಮಾಡೋ ಚಟಕ್ಕೆ ಬೀಳಬೇಡಿ. ಆ ವ್ಯತ್ಯಾಸ ಕೇಳೋರ ಕಿವಿಗೆ ಗೊತ್ತಾಗಲ್ಲ.

ತುದಿಯನ್ನ ಚೂಪಾಗಿ ಬಿಡದೆ ಸಣ್ಣ ಕೊಕ್ಕೆ ಮಾಡಿ, ರೇಡಿಯಲ್‌ಗಳಿಗೂ ಅಷ್ಟೆ. ಪೈಪ್ ಇಳಿಸಿದಾಗ ಸರಿಯಾಗಿ ಮಕ್ಕಳ ಕಣ್ಣಿನ ಎತ್ತರಕ್ಕೆ ಬರುತ್ತೆ ಅದು. ಕೊಕ್ಕೆಗೆ ಬೇಕಾದ ಉದ್ದ ಈಗಲೇ ಲೆಕ್ಕಕ್ಕೆ ತಗೊಂಡು, ಕೊಕ್ಕೆ ಮಾಡಿದ ಮೇಲೇ ಕೊನೆಯ ಅಳತೆ ನೋಡಿ.

ಇನ್ನೊಂದು, ಇದಕ್ಕೆ ಖರ್ಚೇ ಇಲ್ಲ. ಹಳ್ಳಿಗಳಲ್ಲಿ ಇರೋ ಲೈಸೆನ್ಸ್‌ದಾರರಿಗೆ ಹೇಳಿ: 49 ಸೆಂ.ಮೀ. ಮೆದು ವೈರ್, ಒಂದು ತುದಿಗೆ ಉಂಗುರ ಮಾಡಿ ಎಸ್‌ಎಂಎಯ ಹೊರ ಲೋಹಕ್ಕೆ ತಾಗೋ ಹಾಗೆ ಆಂಟೆನಾ ಬುಡದಲ್ಲಿ ಸಿಕ್ಕಿಸಿ, ಉಳಿದದ್ದನ್ನ ಕೆಳಗೆ ಜೋತುಬಿಡಿ. ರಬ್ಬರ್ ಆಂಟೆನಾಗೆ ಇಲ್ಲದ ಇನ್ನರ್ಧ ಅದು. ಉಂಗುರ ನಡುವಿನ ಪಿನ್ನಿಗೆ ಮಾತ್ರ ತಾಗಬಾರದು. ಮಾತಾಡುವಾಗ ಸೆಟ್ ನೆಟ್ಟಗೆ ಹಿಡಿಯೋಕೂ ಹೇಳಿ, ನಿಮ್ಮ ಕಡ್ಡಿ ನಿಂತಿದ್ದು ಅವರದ್ದು ಮಲಗಿದ್ದರೆ ಹತ್ತಿರದ ಊರೂ ಕೇಳಲ್ಲ.

ಕತ್ತರಿಸಿದ ಮೇಲೆ ಅಂಕಿ ಇಲ್ಲೇ ಹಾಕಿ.

---

ಹೊಸಬ_ಗುಡಿಬಂಡೆ

ನಡು ಕಡ್ಡಿ ಕೊಕ್ಕೆ ಸೇರಿ 49.2. 145.0ರಲ್ಲಿ 1.3, 144ರಲ್ಲಿ 1.4, 146ರಲ್ಲಿ 1.5, ಎಲ್ಲ ಬುಡದಲ್ಲೇ ಅಳೆದದ್ದು. ಹಳೇ ಕೇಬಲ್ ಬಿಚ್ಚಿ ನೋಡಿದರೆ ಹೆಣಿಗೆ ಒಂದು ಮೊಳ ಕಪ್ಪಾಗಿದೆ, ಬಿಸಾಕಿದೆ. ಹೊಸ 10 ಮೀಟರ್ ತಂದು ಮೆಟ್ಟಿಲ ತಲೆಮನೆಗೇ ಇಳಿಸ್ತೀನಿ. ತೆಂಗಿನ ಮರ ಅಳೆದೆ, ಎರಡರ ನಡುವೆ 19 ಮೀಟರ್ ಅಷ್ಟೇ ಇದೆ. ಹಾಗಾದರೆ ನೀಲಗಿರಿ ಗಳವೇ ಗತಿ ಅನ್ನಿಸುತ್ತೆ.

---

ತಗ್ಗುಡೈಪೋಲ್_ತುಮಕೂರು

19 ಆದರೂ ಆಗುತ್ತೆ, ಗಳ ಬೇಡ. ಎರಡೂ ತುದಿಯಲ್ಲಿ ಒಂದೂವರೆ ಮೀಟರ್ ತಂತಿಯನ್ನ ನೇರ ಕೆಳಗೆ ಇಳಿಬಿಡಿ, ನಡುವಿನ 17 ಮೀಟರ್ ಅಡ್ಡಕ್ಕೆ ಇರಲಿ. ಮರಕ್ಕೂ ತಂತಿಗೂ ಒಂದೊಂದು ಮೀಟರ್ ಹಗ್ಗ ಉಳಿಯುತ್ತೆ. ಹೆಚ್ಚು ಕರೆಂಟ್ ಇರೋದು ನಡುವೆ, ಅದು ಅಡ್ಡಕ್ಕಿದ್ದರೆ ತುದಿ ಬಾಗಿದ್ದಕ್ಕೆ ಕಳೆದುಕೊಳ್ಳೋದು ಅತ್ಯಲ್ಪ. ಇಳಿಬಿಟ್ಟ ತುದಿ ದನ, ಜನ ಮುಟ್ಟದ ಎತ್ತರದಲ್ಲಿರಲಿ, ಟ್ಯೂನಿಂಗ್ ಮತ್ತೆ ಒಂದು ಸಲ ನೋಡಿ.